ನೆರಳಿನ ಲೆಕ್ಕ: ಸ್ಪಿತಿಯ ಜಲ್ಲಿ ರಸ್ತೆಯಲ್ಲಿ ಮೂರನೇ ಚಳಿಗಾಲ

ಜನವರಿಯ ಕೊನೆಗೆ ಹಿಮಾಚಲದ ಸ್ಪಿತಿ ಕಣಿವೆಯ ಊರಾದ ಕಾಜಾದಿಂದ ಮರಳಿ, ಬೈಕನ್ನು ತೊಳೆದು ಮನೆಯ ಮುಂದೆ ನಿಲ್ಲಿಸಿದ್ದೇನೆ. ಎರಡು ಸಲ ನೀರು ಹೊಡೆದರೂ ಎಂಜಿನ್ನಿನ ರೆಕ್ಕೆಗಳ ಸಂದಿಯಲ್ಲಿ ಕೂತ ಸ್ಪಿತಿಯ ಬೂದು ಧೂಳು ಇನ್ನೂ ಪೂರ್ತಿ ಹೋಗಿಲ್ಲ. ಹೋದ ಫೆಬ್ರವರಿಯಲ್ಲಿ, ಕಾಜಾದ ದಾರಿಗೆ ಅಡ್ಡ ಹರಿಯುವ ಮಾಲಿಂಗ್ ನಾಲಾ ಎಂಬ ತೊರೆಯ ಅಂಚಿನಿಂದ ಹಿಂದಿರುಗಿದ ಕಥೆಯನ್ನು ಹಿಂದಿನ ಕಂತಿನಲ್ಲಿ ಬರೆದಿದ್ದೆ. ಈ ಸಲ ಅದೇ ನಾಲಾವನ್ನು ಹೋಗುವಾಗಲೂ ಬರುವಾಗಲೂ ದಾಟಿದೆವು. ಬೈಕು ಅದೇ, ಟೈರುಗಳು ಅವೇ, ಸವಾರನ ಚಾಕಚಕ್ಯತೆ ಹೆಚ್ಚಿತೆಂದು ಹೇಳಿಕೊಳ್ಳುವ ಧೈರ್ಯವೂ ನನಗಿಲ್ಲ. ಬದಲಾದದ್ದು ದಿನದ ಯಾವ ಹೊತ್ತಿನಲ್ಲಿ ಯಾವ ತಿರುವಿನಲ್ಲಿ ಇರಬೇಕೆಂಬ ಲೆಕ್ಕ.

ಹೊಸದಾಗಿ ಓದುವವರಿಗಾಗಿ ಯೋಜನೆಯನ್ನು ಚುಟುಕಾಗಿ ಹೇಳುತ್ತೇನೆ. ನನ್ನ ಬಳಿ ಇರುವುದು ಕಚೇರಿಗೆ ಓಡಾಡುವ ಹಳೆಯ ಹೋಂಡಾ ಯೂನಿಕಾರ್ನ್. 150 ಸಿಸಿ, ಗಾಳಿಯಿಂದ ತಣಿಯುವ ಎಂಜಿನ್, ಕಾರ್ಬ್ಯುರೇಟರ್, ಡಾಂಬರು ರಸ್ತೆಗೆಂದೇ ಮಾಡಿದ ಟೈರು. ಇದನ್ನೇ ಇಟ್ಟುಕೊಂಡು ಹಿಮಾಲಯದ ಎತ್ತರದ ಜಲ್ಲಿ ರಸ್ತೆಗಳನ್ನು ಚಳಿಗಾಲದಲ್ಲಿ ಎಷ್ಟು ದೂರದವರೆಗೆ ಸುರಕ್ಷಿತವಾಗಿ ಓಡಿಸಬಹುದೆಂದು ನೋಡುವುದು ಉದ್ದೇಶ. ಮೊದಲ ವರ್ಷ ಅಕ್ಟೋಬರಿನ ಕೊನೆಯ ವಾರದಲ್ಲಿ, ರಸ್ತೆ ಮುಚ್ಚುವ ಮುನ್ನ, ಗ್ರಾಂಫೂವಿನಿಂದ ಬಾತಲ್ ಮೂಲಕ 4,551 ಮೀಟರ್ ಎತ್ತರದ ಕುಂಜುಮ್ ಲಾ ಎಂಬ ಕಣಿವೆದಾರಿ ದಾಟಿ, ಎಲ್ಲ ವಾಹನಗಳಂತೆ ಅಲ್ಲಿನ ದೇವಿಯ ಗುಡಿಗೆ ಒಂದು ಸುತ್ತು ಹಾಕಿ ಲೋಸರಿಗೆ ಇಳಿದಿದ್ದೆ. 2020ರ ಅಕ್ಟೋಬರಿನಲ್ಲಿ ತೆರೆದ 9 ಕಿಲೋಮೀಟರಿನ ಅಟಲ್ ಸುರಂಗ ಮನಾಲಿ ಕಡೆಯ ರೋಹ್ತಂಗ್ ಕಣಿವೆದಾರಿಯನ್ನು ತಪ್ಪಿಸಿತೇ ಹೊರತು ಕುಂಜುಮ್‌ಗೆ ಅಂಥ ಅನುಕೂಲವಿಲ್ಲ. ಹಿಮ ಬಿದ್ದ ಮೇಲೆ ತಿಂಗಳುಗಟ್ಟಲೆ ಅದು ಮುಚ್ಚಿಯೇ ಇರುತ್ತದೆ. ಆದ್ದರಿಂದ ನಿಜವಾದ ಚಳಿಗಾಲದಲ್ಲಿ ಸ್ಪಿತಿಗೆ ಉಳಿಯುವ ದಾರಿ ಶಿಮ್ಲಾ, ನಾರ್ಕಂಡಾ, ರಾಂಪುರ, ಪೂಹ್, ನಾಕೋ ಮೂಲಕ ಕಿನ್ನೌರಿನ ಕಡೆಯಿಂದ ಬರುವ, ಒಟ್ಟು ನಾನೂರು ಕಿಲೋಮೀಟರಿಗೂ ಮಿಕ್ಕಿದ ರಸ್ತೆ ಮಾತ್ರ.

ಈ ವರ್ಷದ ಮುಖ್ಯ ಕೆಲಸ ನಡೆದದ್ದು ಗ್ಯಾರೇಜಿನಲ್ಲಲ್ಲ, ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ. ಜನವರಿಯ ನಡುವಿನಲ್ಲಿ ಬೆಂಗಳೂರಿನ ನಡುಹಗಲಿನ ಸೂರ್ಯ ದಿಗಂತದಿಂದ ಸುಮಾರು 56 ಡಿಗ್ರಿ ಮೇಲಿರುತ್ತಾನೆ. 32 ಡಿಗ್ರಿ ಅಕ್ಷಾಂಶದ ಕಾಜಾದಲ್ಲಿ ಅವನು 37 ಡಿಗ್ರಿ ದಾಟುವುದೇ ಕಷ್ಟ. ಅಂದರೆ ಉತ್ತರಕ್ಕೆ ಮುಖ ಮಾಡಿದ ಕಡಿದಾದ ಇಳಿಜಾರಿನ ಮೇಲಿರುವ ರಸ್ತೆಯ ತುಣುಕಿಗೆ ಇಡೀ ದಿನ ಬಿಸಿಲೇ ಬೀಳುವುದಿಲ್ಲ. ಹೋದ ವರ್ಷ ನಿಂತಲ್ಲೆಲ್ಲ ತೆಗೆದ ಫೋಟೋಗಳನ್ನೂ, ಉಪಗ್ರಹ ನಕ್ಷೆಯನ್ನೂ, ಸೂರ್ಯನ ದಾರಿ ತೋರಿಸುವ ಒಂದು ಆ್ಯಪನ್ನೂ ಹರವಿಕೊಂಡು, ಖಾಬ್‌ನಿಂದ ಕಾಜಾವರೆಗೆ ಯಾವ ತಿರುವಿಗೆ ಎಷ್ಟು ಗಂಟೆಗೆ ಬಿಸಿಲು ಬರುತ್ತದೆ, ಎಷ್ಟಕ್ಕೆ ಹೋಗುತ್ತದೆ ಎಂದು ಕಿಲೋಮೀಟರ್ ಲೆಕ್ಕದಲ್ಲಿ ಬರೆದೆ. ನವೆಂಬರ್, ಡಿಸೆಂಬರಿನ ಭಾನುವಾರಗಳೆಲ್ಲ ಇದಕ್ಕೇ ಹೋದವು. ಮನೆಯವರಿಗೆ ಇದು ಪಂಚಾಂಗ ಬರೆಯುವ ಕೆಲಸದಂತೆ ಕಂಡಿತು.

ಈ ಲೆಕ್ಕ ಏಕೆ ಬೇಕೆಂದರೆ, ಇಲ್ಲಿ ಜಲ್ಲಿಗೂ ಮಂಜುಗಡ್ಡೆಗೂ ಒಂದೇ ಹೊತ್ತು ಒಳ್ಳೆಯದಲ್ಲ. ರಾತ್ರಿಯ ಚಳಿಗೆ ಹೆಪ್ಪುಗಟ್ಟಿ ಒಣಗಿದ ಜಲ್ಲಿ ಮುಂಜಾನೆ ಸಿಮೆಂಟಿನಂತೆ ಗಟ್ಟಿಯಾಗಿರುತ್ತದೆ. ಸಡಿಲ ಕಲ್ಲು ಚಕ್ರದಡಿ ಉರುಳುವುದು ಬಹಳ ಕಡಿಮೆ, ಡಾಂಬರಿನ ಟೈರಿಗೂ ಅಲ್ಲಿ ಹಿಡಿತ ಸಿಗುತ್ತದೆ. ಅದೇ ಜಾಗ ಮಧ್ಯಾಹ್ನದ ಹೊತ್ತಿಗೆ ಮೇಲೆ ಎರಡು ಬೆರಳು ಕೆಸರು, ಕೆಳಗೆ ಕಲ್ಲಿನಂಥ ನೆಲ ಎಂಬಂತಾಗುತ್ತದೆ. ರಸ್ತೆಗೆ ಅಡ್ಡ ಹರಿಯುವ ನೀರಿನದು ಇದಕ್ಕೆ ತಿರುಗುಮುರುಗು: ಬೆಳಿಗ್ಗೆ ಅದು ಗಾಜು, ಬಿಸಿಲು ಬಿದ್ದ ಒಂದು ಗಂಟೆಯ ನಂತರ ಮೇಲ್ಮೈ ಒರಟಾಗಿ ಚಕ್ರ ನಿಲ್ಲುತ್ತದೆ, ಇನ್ನೆರಡು ಗಂಟೆ ಕಳೆದರೆ ನೀರು ಹೆಚ್ಚಿ, ಮೇಲಿನ ಗುಡ್ಡದಲ್ಲಿ ಮಂಜು ಕಚ್ಚಿ ಹಿಡಿದಿದ್ದ ಕಲ್ಲುಗಳು ಒಂದೊಂದಾಗಿ ಕಳಚತೊಡಗುತ್ತವೆ. ಹೋದ ವರ್ಷ ನಾವು ಬೆಳಿಗ್ಗೆ ಏಳಕ್ಕೇ ಹೊರಟು ಮಾಲಿಂಗಿನಲ್ಲಿ ಗಾಜಿನ ಮುಂದೆ ನಿಂತಿದ್ದೆವು. ಬೇಗ ಎದ್ದವನಿಗೆ ದಾರಿ ಸಲೀಸು ಎಂಬ ನಮ್ಮ ಘಟ್ಟದ ಸೀಮೆಯ ಅಭ್ಯಾಸ ಅಲ್ಲಿ ಕೈಕೊಟ್ಟಿತು.

ಬೈಕಿಗೆ ಮಾಡಿದ ಕೆಲಸ ಕಡಿಮೆ. ಎತ್ತರದಲ್ಲಿ ಗಾಳಿ ತೆಳುವಾಗಿ ಪೆಟ್ರೋಲಿನ ಪಾಲು ಹೆಚ್ಚಾಗುವುದರಿಂದ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಬಿಡುವ ಸಣ್ಣ ತೂತಿನ ಮೇನ್ ಜೆಟ್ಟನ್ನು ಎರಡು ಅಳತೆ ಇಳಿಸಬೇಕೆಂದುಕೊಂಡಿದ್ದೆ. ಹದಿನೈದು ವರ್ಷದಿಂದ ನನ್ನ ಗಾಡಿ ನೋಡುವ ಮೇಸ್ತ್ರಿ ತಡೆದರು: “ಸಾರ್, ನೀವು ಹೋಗ್ತಿರೋದು ಚಳೀಲಿ. ಚಳಿ ಗಾಳಿ ಮಂದ ಇರುತ್ತೆ. ಒಂದೇ ಸೈಜ್ ಇಳಿಸಿ, ಸಾಕು.” ಲೆಕ್ಕ ಹಾಕಿ ನೋಡಿದರೆ ಅವರ ಮಾತು ಸರಿಯಾಗಿತ್ತು. ಕಾಜಾದ ಎತ್ತರದಲ್ಲಿ ಗಾಳಿಯ ಒತ್ತಡ ಬಯಲಿನ ಮೂರನೇ ಎರಡು ಪಾಲಿನಷ್ಟೇ ಇದ್ದರೂ, ಮೈನಸ್ 15 ಡಿಗ್ರಿಯ ಚಳಿಯಲ್ಲಿ ಅದರ ಸಾಂದ್ರತೆ ಚಂಡೀಗಢದ ಹಗಲಿನ ಗಾಳಿಯ ಮುಕ್ಕಾಲು ಪಾಲಿನ ಹತ್ತಿರ ಬರುತ್ತದೆ. ಎಂಜಿನ್ ಆಯಿಲ್ 10ಡಬ್ಲ್ಯೂ-30 ಇದ್ದದ್ದನ್ನೇ ಹೊಸದಾಗಿ ತುಂಬಿಸಿದೆ. ಡಬ್ಲ್ಯೂ ಹಿಂದಿನ ಅಂಕಿ ಸಣ್ಣದಾದಷ್ಟೂ ಆಯಿಲ್ ಚಳಿಯಲ್ಲಿ ಕಡಿಮೆ ಗಟ್ಟಿಯಾಗುತ್ತದೆ. ಜೊತೆಗೆ ಬಂದ ಗೆಳೆಯ 20ಡಬ್ಲ್ಯೂ-50 ಹಾಕಿಸಿಕೊಂಡಿದ್ದರು; 20ಡಬ್ಲ್ಯೂ ಆಯಿಲನ್ನು ಚಳಿಯಲ್ಲಿ ಪರೀಕ್ಷಿಸುವುದು ಮೈನಸ್ 15ರವರೆಗೆ, 10ಡಬ್ಲ್ಯೂವನ್ನು ಮೈನಸ್ 25ರವರೆಗೆ. ಈ ಹತ್ತು ಡಿಗ್ರಿಯ ಅಂತರ ಏನೆಂಬುದು ಕಾಜಾದಲ್ಲಿ ಅವರ ಬಲಗಾಲಿಗೆ ಚೆನ್ನಾಗಿ ಗೊತ್ತಾಯಿತು.

ಕೈಗಳ ವಿಷಯದಲ್ಲಿ ಮಾತ್ರ ನನಗೆ ಸ್ವಲ್ಪ ಹೆಮ್ಮೆಯಿದೆ. ಹ್ಯಾಂಡಲ್ಲಿಗೆ ತೊಡಿಸುವ ಚೀಲಗಳನ್ನು ಹೊರಗೆ ರೆಕ್ಸಿನ್, ಒಳಗೆ ಚಳ್ಳಕೆರೆಯ ಕುರಿ ಕಂಬಳಿ ಇಟ್ಟು, ಆಟೋ ಸೀಟು ಹೊಲಿಯುವವರಿಂದ ಹೊಲಿಸಿದೆ. ಒಳಗೆ ತೆಳು ಗ್ಲೌಸ್ ಇದ್ದರೂ ಬೆರಳು ಬೆಚ್ಚಗಿದ್ದವು, ಕ್ಲಚ್ಚಿನ ಸೂಕ್ಷ್ಮ ಕೈಗೆ ತಿಳಿಯುತ್ತಿತ್ತು. ಒದ್ದೆಯಾದಾಗ ಬರುವ ಕುರಿಯ ವಾಸನೆಯೊಂದಕ್ಕೆ ಹೊಂದಿಕೊಳ್ಳಬೇಕು. ಮಂಜುಗಡ್ಡೆಯ ಮೇಲೆ ಹಿಂದಿನ ಚಕ್ರಕ್ಕೆ ಹಿಡಿತ ಸಿಗಲೆಂದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಪೂರ ಸರಪಳಿ ಕೊಂಡು ಐದು ತುಂಡು ಮಾಡಿಸಿದ್ದೆ. ಅಲಾಯ್ ಚಕ್ರದ ಕಡ್ಡಿಗಳ ನಡುವೆ ಒಂದೊಂದನ್ನೂ ತೂರಿಸಿ, ಟೈರನ್ನು ಬಳಸಿ, ಬೋಲ್ಟ್ ಬಿಗಿಯಬೇಕು. ಹಿಂದಿನ ಬ್ರೇಕು ಡ್ರಮ್ ಆಗಿ, ಅಡ್ಡ ಬರುವ ಡಿಸ್ಕ್ ಇಲ್ಲದ್ದರಿಂದ ಇದು ಸಾಧ್ಯವಾಯಿತು. ಮನೆಯ ಅಂಗಳದಲ್ಲಿ ಮೊದಲ ಸಲ 25 ನಿಮಿಷ ಬೇಕಾಯಿತು. ಕಣ್ಣು ಮುಚ್ಚಿ ಅಭ್ಯಾಸ ಮಾಡಿ ಅದನ್ನು ಒಂಬತ್ತು ನಿಮಿಷಕ್ಕೆ ತಂದೆ.

ಯಶವಂತಪುರದಲ್ಲಿ ಟ್ಯಾಂಕು ಖಾಲಿ ಮಾಡಿ ಬೈಕುಗಳನ್ನು ರೈಲಿನ ಪಾರ್ಸಲ್‌ಗೆ ಹಾಕಿ, ಚಂಡೀಗಢದಲ್ಲಿ ಇಳಿಸಿಕೊಂಡೆವು. ಅಲ್ಲಿಂದ ಶಿಮ್ಲಾವರೆಗೆ ಬರೆಯುವಂಥದ್ದೇನಿಲ್ಲ. ನಾರ್ಕಂಡಾದ ಮಂಜು ಮುಸುಕಿದ ಏರಿನಲ್ಲಿ ನನ್ನ ಎಂಜಿನ್ ಎರಡು ಸಲ ಉಸಿರುಗಟ್ಟಿ ನಿಂತಿತು. ಪೆಟ್ರೋಲಿನಲ್ಲಿ ನೀರಿದೆಯೆಂದು ಮೊದಲು ಸಂಶಯಪಟ್ಟೆ. ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗದಂತೆ ಓಡಿತು. ಕಾರ್ಬ್ಯುರೇಟರಿನ ಗಂಟಲಲ್ಲಿ ಪೆಟ್ರೋಲು ಆವಿಯಾಗುವಾಗ ಗಾಳಿ ಮತ್ತಷ್ಟು ತಣಿದು, ಅದರಲ್ಲಿನ ತೇವ ಮಂಜುಗಡ್ಡೆಯಾಗಿ ಕಟ್ಟಿಕೊಳ್ಳುತ್ತದೆ. ನಿಂತಾಗ ಎಂಜಿನ್ನಿನ ಕಾವಿಗೆ ಕರಗುತ್ತದೆ. ವಿಚಿತ್ರವೆಂದರೆ ಈ ತೊಂದರೆ ಸೊನ್ನೆಯ ಆಸುಪಾಸಿನ ತೇವದ ಹವೆಯಲ್ಲಿ ಕಾಡುತ್ತದೆಯೇ ಹೊರತು ಸ್ಪಿತಿಯ ಒಣ ಚಳಿಯಲ್ಲಿ ಒಮ್ಮೆಯೂ ಕಾಣಿಸಲಿಲ್ಲ. ಬಿಸ್ಕತ್ತಿನ ಡಬ್ಬಿಯ ತಗಡು ಕತ್ತರಿಸಿ ಕಾರ್ಬ್ಯುರೇಟರಿನ ಮುಂದೆ ಮರೆ ಕಟ್ಟಿದ ಮೇಲೆ ರಾಂಪುರದವರೆಗೆ ತಕರಾರಿರಲಿಲ್ಲ.

ಖಾಬ್‌ನಲ್ಲಿ ಸಟ್ಲೆಜ್‌ಗೆ ಸ್ಪಿತಿ ನದಿ ಸೇರುತ್ತದೆ. ಅಲ್ಲಿಂದ ರಸ್ತೆ ಸುತ್ತುಸುತ್ತಾಗಿ ಮೇಲೇರಿ, ಹಿಮಾಚಲದ ಅತಿ ಎತ್ತರದ ಶಿಖರವಾದ 6,816 ಮೀಟರಿನ ರಿಯೋ ಪುರ್ಗ್ಯಾಲ್‌ನ ಪಶ್ಚಿಮದ ಮಗ್ಗುಲಿಗೆ ಆತುಕೊಂಡು ನಾಕೋ ತಲಪುತ್ತದೆ. ಬೆಟ್ಟ ಪೂರ್ವಕ್ಕಿರುವುದರಿಂದ ಬೆಳಗಿನ ಬಿಸಿಲು ಈ ರಸ್ತೆಗೆ ತಡವಾಗಿ ಬರುತ್ತದೆ. ನಾಕೋದಲ್ಲಿ ನಾವು ಇಳಿದುಕೊಂಡ ಮನೆಯ ಅಮ್ಮ, ಅಲ್ಲಿಯವರು ತಂದೂರ್ ಎನ್ನುವ ಕಬ್ಬಿಣದ ಒಲೆಗೆ ಸೌದೆ ಒಡ್ಡುತ್ತ, ಎಂಟು ಗಂಟೆಗೇ ಜಾಕೆಟ್ ತೊಟ್ಟು ಕೂತಿದ್ದ ನನ್ನ ಗೆಳೆಯನನ್ನು ನೋಡಿ ನಕ್ಕು, ಹಿಂದಿಯಲ್ಲಿ ಹೇಳಿದರು: “ಸೂರ್ಯನೇ ಇನ್ನೂ ಎದ್ದಿಲ್ಲ ಮಗಾ, ನೀನು ಎಲ್ಲಿಗೆ ಹೊರಟೆ?” ನನ್ನ ನೋಟ್‌ಬುಕ್ಕಿನಲ್ಲಿ ಮಾಲಿಂಗ್ ಎದುರಿಗೆ ಬರೆದಿದ್ದ ಹೊತ್ತು ಹತ್ತೂವರೆ. ಅವರು ಲೆಕ್ಕವಿಲ್ಲದೆಯೇ ಅದನ್ನೇ ಹೇಳಿದರು.

ಹತ್ತು ಗಂಟೆ ಐವತ್ತಕ್ಕೆ ನಾಲಾದ ಬಳಿ ನಿಂತೆವು. ನೀರು ಪದರ ಪದರವಾಗಿ ಹೆಪ್ಪುಗಟ್ಟಿ, ರಸ್ತೆಯ ಮೇಲೆ ಎಮ್ಮೆಯ ಬೆನ್ನಿನಂತೆ ಉಬ್ಬಿ, ಕಣಿವೆಯ ಕಡೆಗೆ ವಾಲಿತ್ತು. ರಸ್ತೆ ಕೆಲಸದವರು ಅದರ ಮೇಲೆ ಎರಚಿದ್ದ ಮಣ್ಣು ಬಿಸಿಲು ಹೀರಿ ಒಂದೊಂದು ಹರಳಿನಡಿಯೂ ಸಣ್ಣ ಗುಳಿ ಮಾಡಿಕೊಂಡಿತ್ತು. ಗುಳಿಬಿದ್ದ ಬಿಳಿಯ ಭಾಗದಲ್ಲಿ ಬೂಟು ನಿಂತಿತು. ನೀಲಿಯಾಗಿ ಪಾರದರ್ಶಕವಾಗಿದ್ದ ಅಂಚಿನಲ್ಲಿ ಬರಿಯ ತೂಕ ಊರಿದರೂ ಜಾರಿತು. ಸರಪಳಿ ಕಟ್ಟಲು ಅಭ್ಯಾಸದ ಒಂಬತ್ತು ನಿಮಿಷ ಹದಿನಾಲ್ಕಾಯಿತು, ಏಕೆಂದರೆ ಬರಿಗೈಯ ಬೆರಳು ಬೋಲ್ಟಿಗೆ ಅಂಟುತ್ತಿತ್ತು. ಎರಡೂ ಕಾಲು ನೆಲಕ್ಕೆ ತಾಗಿಸಿ, ಎರಡನೇ ಗೇರಿನಲ್ಲಿ, ಬ್ರೇಕು ಮುಟ್ಟದೆ, ಗುಡ್ಡದ ಕಡೆಯ ಬಿಳಿ ಪಟ್ಟೆಯನ್ನೇ ಹಿಡಿದು ದಾಟಿದೆ. ಮೂವತ್ತು ಮೀಟರ್ ಕೂಡ ಇರಲಿಕ್ಕಿಲ್ಲ. ಗೆಳೆಯನ ಗಾಡಿ ಭಾರವಾದದ್ದು. ಅದನ್ನು ಇಬ್ಬರೂ ಸೇರಿ ಒಬ್ಬರು ಹ್ಯಾಂಡಲ್, ಒಬ್ಬರು ಹಿಂದಿನ ಹಿಡಿಕೆ ಹಿಡಿದು ನಡೆಸಿದೆವು. ಇಂಥ ರಸ್ತೆಗೆ ದೊಡ್ಡ ಸಾಹಸದ ಬೈಕುಗಳೇ ಬೇಕೆನ್ನುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ: ಬಿದ್ದರೆ ಒಬ್ಬನೇ ಎತ್ತಬಹುದಾದ ಗಾಡಿಯೇ ಒಳ್ಳೆಯ ಗಾಡಿ.

ಬಿದ್ದದ್ದೂ ನಾನೇ, ಅದೂ ನಾಲಾ ದಾಟಿ ಸರಪಳಿ ಬಿಚ್ಚಿಟ್ಟ ಮೂರು ಕಿಲೋಮೀಟರಿನ ಮೇಲೆ. ಒಣ ಜಲ್ಲಿಯ ಇಳಿಜಾರು, ಬಿಸಿಲು, ಮನಸ್ಸು ಹಗುರ. ರಸ್ತೆಗೆ ಚಾಚಿದ ಬಂಡೆಯೊಂದರ ಮರೆಯಲ್ಲಿ ಚಾಪೆಯಷ್ಟಗಲ ಕಪ್ಪಗೆ ಕಂಡದ್ದನ್ನು ತೇವವೆಂದು ತಿಳಿದೆ. ಅದು ಬ್ಲ್ಯಾಕ್ ಐಸ್, ಕೆಳಗಿನ ನೆಲವೇ ಕಾಣುವಷ್ಟು ತೆಳುವಾದ ಪಾರದರ್ಶಕ ಮಂಜುಗಡ್ಡೆ. ಮುಂದಿನ ಚಕ್ರ ಯಾವ ಸೂಚನೆಯನ್ನೂ ಕೊಡದೆ ಮಡಚಿಕೊಂಡಿತು. ವೇಗ ಹತ್ತನ್ನೂ ಮುಟ್ಟಿರಲಿಲ್ಲವಾದ್ದರಿಂದ ಮೊಣಕಾಲಿನ ಗಾರ್ಡು ಉಜ್ಜಿದ್ದು ಬಿಟ್ಟರೆ ಮೈಗೆ ಏನೂ ಆಗಲಿಲ್ಲ. ಕ್ಲಚ್ ಲಿವರ್ ಮಾತ್ರ ಬಾಗದೆ ಕಡ್ಡಿಯಂತೆ ಮುರಿಯಿತು. ಚೀಲದಲ್ಲಿದ್ದ ಇನ್ನೊಂದನ್ನು ಹಾಕಿಕೊಳ್ಳುವಾಗ ನೋಟ್‌ಬುಕ್ ತೆರೆದು ನೋಡಿದೆ. ಆ ತಿರುವಿನ ಎದುರು ನನ್ನದೇ ಅಕ್ಷರದಲ್ಲಿ “ದಿನವಿಡೀ ನೆರಳು” ಎಂದಿತ್ತು.

ಸುಮ್ದೋ ಕಳೆದು ರಸ್ತೆ ವಾಯವ್ಯಕ್ಕೆ ಹೊರಳಿದ ಮೇಲೆ ಬಿಸಿಲು ಧಾರಾಳ. ಮಳೆಯೇ ಅಪರೂಪವಾದ ಈ ಸೀಮೆ ಎಷ್ಟು ಒಣಗಿದ್ದೆನ್ನಲು ತಾಬೋದಲ್ಲಿ 996ರಲ್ಲಿ ಸ್ಥಾಪನೆಯಾದ ವಿಹಾರದ ಮಣ್ಣಿನ ಗೋಡೆಗಳು ಇಂದಿಗೂ ನಿಂತಿರುವುದೇ ಸಾಕ್ಷಿ. ನಮಗೂ ಅಲ್ಲಿಂದ ಕಾಜಾವರೆಗೆ ಸಿಕ್ಕಿದ್ದು ಒಣ ಜಲ್ಲಿ, ಒಣ ಧೂಳು.

ಕಾಜಾದ ಮೊದಲ ಮುಂಜಾನೆ ಥರ್ಮಾಮೀಟರ್ ಮೈನಸ್ 15 ತೋರಿಸುತ್ತಿತ್ತು. ಬ್ಯಾಟರಿಯನ್ನು ರಾತ್ರಿ ಬಿಚ್ಚಿ ಹಾಸಿಗೆಯ ಪಕ್ಕ ಇಟ್ಟುಕೊಂಡಿದ್ದೆ, ಏಕೆಂದರೆ ಇಂಥ ಚಳಿಯಲ್ಲಿ ಅದರ ಶಕ್ತಿ ಸುಮಾರು ಅರ್ಧಕ್ಕಿಳಿಯುತ್ತದೆ. ಚೋಕ್ ಎಳೆದು, ಸ್ವಿಚ್ ಹಾಕದೆ ಹತ್ತು ಸಲ ಕಿಕ್ ತುಳಿದು ಆಯಿಲ್ ಸಡಿಲಿಸಿ, ಹನ್ನೊಂದನೆಯದಕ್ಕೆ ಸ್ವಿಚ್ ಹಾಕಿದಾಗ ಎಂಜಿನ್ ಹತ್ತಿತು. ಗೆಳೆಯನ ಗಾಡಿ ಬಿಸಿಲಿಗೆ ನಿಲ್ಲಿಸಿ ಹನ್ನೊಂದು ಗಂಟೆಯಾದರೂ ಮುನಿದುಕೊಂಡೇ ಇತ್ತು. ಪಕ್ಕದಲ್ಲಿ ಲಾರಿಯವರೊಬ್ಬರು ಚಳಿಗೆ ಗಟ್ಟಿಯಾದ ಡೀಸೆಲ್ ಕರಗಿಸಲು ಟ್ಯಾಂಕಿನಡಿ ಬೆಂಕಿ ಇಟ್ಟು ನಿಶ್ಚಿಂತೆಯಿಂದ ಬೀಡಿ ಸೇದುತ್ತಿದ್ದುದನ್ನು ನೋಡಿ ನಾವೇ ನಾಲ್ಕು ಹೆಜ್ಜೆ ದೂರ ಸರಿದೆವು.

ಟೈರಿನ ಗಾಳಿಯದೊಂದು ಸ್ವಾರಸ್ಯವಿದೆ. ಚಂಡೀಗಢದಲ್ಲಿ 20 ಡಿಗ್ರಿ ಇದ್ದಾಗ ಮುಂದಿನ ಟೈರಿಗೆ 25 ಪಿಎಸ್‌ಐ ತುಂಬಿಸಿದ್ದೆ. ಚಳಿಗೆ ಗಾಳಿ ಕುಗ್ಗುವುದರಿಂದ ಕಾಜಾದಲ್ಲಿ ನಾಲ್ಕೈದು ಪಿಎಸ್‌ಐ ಇಳಿದಿರಬೇಕೆಂದುಕೊಂಡು ಗೇಜ್ ಒತ್ತಿದರೆ ಮುಳ್ಳು ಸರಿಯಾಗಿ 25ರಲ್ಲೇ ನಿಂತಿತು. ಚಳಿಯಿಂದ ಸುಮಾರು ಐದು ಇಳಿದದ್ದು ನಿಜ. ಆದರೆ ಹೊರಗಿನ ಗಾಳಿಯ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ ಇಳಿದಿದ್ದರಿಂದ, ಒಳಹೊರಗಿನ ವ್ಯತ್ಯಾಸವನ್ನಷ್ಟೇ ಅಳೆಯುವ ಗೇಜಿಗೆ ಏನೂ ಗೊತ್ತಾಗಲಿಲ್ಲ. ಜಲ್ಲಿಗಾಗಿ ನಾನೇ ಕೈಯಾರೆ 20ಕ್ಕೆ ಇಳಿಸಿಕೊಂಡೆ.

ಮರುದಿನ ಹಿಕ್ಕಿಮ್ ದಾರಿಯಾಗಿ 4,587 ಮೀಟರಿನ ಕೋಮಿಕ್‌ಗೆ ಹೊರಟೆವು. ಹಿಕ್ಕಿಮ್‌ವರೆಗೆ ಯಂತ್ರ ಹಿಮ ಸರಿಸಿತ್ತು. ಮುಂದಿನ ಏರಿನಲ್ಲಿ ಒಂದನೇ ಗೇರಿನಲ್ಲೂ ಎಂಜಿನ್ ನರಳಿ, ಹಿಂದಿನ ಚಕ್ರ ಪುಡಿ ಹಿಮದಲ್ಲಿ ಇದ್ದಲ್ಲೇ ತಿರುಗಿತು. ಗಂಟೆ ಒಂದೂಮುಕ್ಕಾಲು. ನೋಟ್‌ಬುಕ್ಕಿನ ಪ್ರಕಾರ ಎರಡೂವರೆಗೆ ಕೆಳಗಿನ ತಿರುವುಗಳಿಗೆ ನೆರಳು ಬೀಳಬೇಕಿತ್ತು. ಸರಪಳಿ ಕಟ್ಟಿದ್ದರೆ ಬಹುಶಃ ಹತ್ತುತ್ತಿತ್ತು, ಆದರೆ ಇಳಿಯುವಾಗ ಹೊತ್ತು ಮೀರುತ್ತಿತ್ತು. ಕೋಮಿಕ್ ಕಣ್ಣಿಗೆ ಕಾಣುವಂತಿರುವಾಗಲೇ ಗಾಡಿ ತಿರುಗಿಸಿದೆವು. ಎರಡು ಗಂಟೆ ಇಪ್ಪತ್ತಕ್ಕೆ ಆ ತಿರುವುಗಳನ್ನು ಇಳಿಯುವಾಗ ಹೊರ ಅಂಚಿನಲ್ಲಿ ಇನ್ನೂ ಒಂದು ಗೇಣು ಬಿಸಿಲಿತ್ತು.

ಮುಂದಿನ ಚಳಿಗಾಲಕ್ಕೆ ಬಾಕಿ ಇರುವ ಕೆಲಸಗಳಲ್ಲಿ ಮೊದಲನೆಯದು ಏರಿನಲ್ಲಿ ಎಳೆತ ಹೆಚ್ಚಲೆಂದು ಹಿಂದಿನ ಸ್ಪ್ರಾಕೆಟ್ಟನ್ನು (ಚೈನು ಕೂರುವ ಹಲ್ಲುಗಾಲಿ) ಎರಡು ಹಲ್ಲು ದೊಡ್ಡದು ಮಾಡಿಸುವುದು. ಸರಪಳಿಯ ಬೋಲ್ಟುಗಳ ಬದಲಿಗೆ ಗ್ಲೌಸ್ ಹಾಕಿಕೊಂಡೇ ತಿರುಗಿಸಬಹುದಾದ ರೆಕ್ಕೆನಟ್ಟು ಹುಡುಕಬೇಕು. ನೋಟ್‌ಬುಕ್ಕನ್ನು ಬ್ಯಾಗಿನಿಂದ ತೆಗೆದು ಟ್ಯಾಂಕಿನ ಮೇಲೆ, ಕಣ್ಣೆದುರಿಗೆ ಕಟ್ಟಬೇಕು. ಅದಕ್ಕೊಂದು ಪಾರದರ್ಶಕ ಚೀಲ ಹೊಲಿಯಲು ಸೀಟಿನವರಿಗೆ ನಿನ್ನೆಯೇ ಅಳತೆ ಕೊಟ್ಟು ಬಂದಿದ್ದೇನೆ.