ಕಡಿಮೆ ಖರ್ಚಿನಲ್ಲಿ ಮನೆಗೊಂದು ಕಂಪ್ಯೂಟರ್, ಯಾವುದು ತಗೊಳ್ಳಲಿ?

ತಿಂಗಳಿಗೊಮ್ಮೆಯಾದರೂ ಯಾರಾದರೂ ಈ ಪ್ರಶ್ನೆ ಕೇಳುತ್ತಾರೆ. "ಮನೆಗೆ ಒಂದು ಡೆಸ್ಕ್‌ಟಾಪ್ ಬೇಕಿತ್ತು. ದೊಡ್ಡ ಕೆಲಸ ಏನೂ ಇಲ್ಲ. ಇಂಟರ್ನೆಟ್ ನೋಡೋದು, ಮೇಲ್ ಕಳಿಸೋದು, ಒಂದೆರಡು ಪತ್ರ ಟೈಪ್ ಮಾಡೋದು, ಫೋಟೊ ಇಟ್ಕೊಳ್ಳೋದು, ಮಕ್ಕಳ ಆನ್‌ಲೈನ್ ಕ್ಲಾಸು, ಅಷ್ಟೇ. ಜಾಸ್ತಿ ಖರ್ಚು ಬೇಡ. ಐ5 ತಗೊಳ್ಳಲಾ, ಐ7 ತಗೊಳ್ಳಲಾ?"

ಕೊನೆಯ ಆ ಮಾತು ಬರುವವರೆಗೂ ಪ್ರಶ್ನೆ ಸರಿಯಾಗಿಯೇ ಇರುತ್ತದೆ. ಐ5, ಐ7 ಅನ್ನುವುದು ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳ ಹೆಸರು. ಅದನ್ನು ಅಂದ ತಕ್ಷಣ ಮಾತು ದಾರಿ ತಪ್ಪುತ್ತದೆ. ನನ್ನ ಉತ್ತರ ಯಾವಾಗಲೂ ಒಂದೇ. ಪ್ರೊಸೆಸರ್ ವಿಷಯ ಆಮೇಲೆ ನೋಡೋಣ, ಮೊದಲು ಒಳಗೆ ಎಸ್‌ಎಸ್‌ಡಿ, ಅಂದರೆ ಹಾರ್ಡ್‌ಡಿಸ್ಕಿನ ಜಾಗಕ್ಕೆ ಬಂದಿರುವ ವೇಗದ ಡಿಸ್ಕ್, ಇದೆಯಾ ಕೇಳಿ.

ಯಾಕೆ ಅಂತ ಹೇಳ್ತೀನಿ. ನಮ್ಮ ಚಿಕ್ಕಪ್ಪನ ಹತ್ತಿರ ಒಂದು ಹಳೆಯ ಡೆಸ್ಕ್‌ಟಾಪ್ ಇತ್ತು. ತುಂಬಾ ಸ್ಲೋ ಆಗಿದೆ, ಮಾರಿ ಹೊಸದು ತಗೊಳ್ಳಬೇಕು ಅಂತ ಕರೆಸಿದರು. ಆನ್ ಮಾಡಿದೆವು. ಪರದೆಯ ಮೇಲೆ ಚುಕ್ಕೆಗಳು ಸುತ್ತುತ್ತಾ ಕೂತವು. ಒಳಗೆ ಹೋಗಿ ಕೈಕಾಲು ತೊಳೆದು ಬಂದೆ, ಇನ್ನೂ ಸುತ್ತುತ್ತಲೇ ಇದ್ದವು. ಕಡೆಗೂ ಡೆಸ್ಕ್‌ಟಾಪ್ ಬಂತು. ಆದರೆ ಬ್ರೌಸರ್ ಒತ್ತಿದರೆ ಏನೂ ಇಲ್ಲ. ಡಬ್ಬದ ಒಳಗಿಂದ ಕರಕರ ಅನ್ನುವ ಸದ್ದು ಮಾತ್ರ ಬರುತ್ತಿತ್ತು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಸಿಪಿಯು ಅಂತ ಬರೆದ ಕಡೆ ಶೇ. 6. ಡಿಸ್ಕ್ ಅಂತ ಬರೆದ ಕಡೆ ಶೇ. 100, ಅದೂ ಕೆಂಪಗೆ. ಪ್ರೊಸೆಸರ್ ಸುಮ್ನೆ ಕೈಕಟ್ಟಿ ಕೂತಿತ್ತು. ಅದರ ಜಾಗದಲ್ಲಿ ಹೊಸ ಐ7 ತಂದಿಟ್ಟಿದ್ದರೂ ಅದೂ ಹಾಗೇ ಕೂತಿರುತ್ತಿತ್ತು.

ಹಳೆಯ ಹಾರ್ಡ್‌ಡಿಸ್ಕ್ ಅಂದರೆ ಒಳಗೆ ತಿರುಗುವ ಒಂದು ತಟ್ಟೆ. ನಿಮಿಷಕ್ಕೆ 5400 ಅಥವಾ 7200 ಸುತ್ತು. ಅದರ ಮೇಲೆ ಒಂದು ಸಣ್ಣ ಕೈ ಅತ್ತಿತ್ತ ಓಡಾಡಿ ಬೇಕಾದ ಜಾಗ ಹುಡುಕಬೇಕು. ಒಂದು ಸಲ ಹುಡುಕುವುದಕ್ಕೆ ಸುಮಾರು 10 ಮಿಲಿಸೆಕೆಂಡ್. ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ಲೆಕ್ಕ ಹಾಕಿ, ಬೇರೆ ಬೇರೆ ಕಡೆ ಚದುರಿದ ಫೈಲುಗಳನ್ನು ಓದಬೇಕಾದರೆ ಸೆಕೆಂಡಿಗೆ ನೂರು ಸಲ ಓಡಾಡುವುದೇ ಹೆಚ್ಚು. ಕಂಪ್ಯೂಟರ್ ಆನ್ ಆಗುವಾಗ ಓದುವುದು ಇಂಥ ಸಾವಿರಾರು ಚಿಕ್ಕ ಫೈಲುಗಳನ್ನೇ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಅದು ಸೆಕೆಂಡಿಗೆ ಹತ್ತಾರು ಸಾವಿರ ಸಲ ಓದುತ್ತದೆ. ಮನೆಯ ಕಂಪ್ಯೂಟರ್ ಮುಂದೆ ನಾವು ಕಾಯುವ ಹೊತ್ತೆಲ್ಲ ಬಹುಪಾಲು ಈ ತಟ್ಟೆಗಾಗಿಯೇ ಕಾಯುವುದು.

ಮುಂದಿನ ವಾರ ಒಂದು ಎಸ್‌ಎಸ್‌ಡಿ ತೆಗೆದುಕೊಂಡು ಹೋದೆ. ಅಂಗೈಯಷ್ಟು ಚಪ್ಪಟೆ ಡಬ್ಬಿ, ಮೊಬೈಲ್‌ಗಿಂತ ಹಗುರ. ಕ್ಯಾಬಿನೆಟ್ಟಿನ ಪಕ್ಕದ ಹಲಗೆ ಬಿಚ್ಚಿದರೆ ಫ್ಯಾನಿನ ಮೇಲೆ ಧೂಳು ಹತ್ತಿಯ ಹಾಗೆ ಕೂತಿತ್ತು. ಹಳೆಯ ಪೇಂಟ್ ಬ್ರಷ್ಷಿನಲ್ಲಿ ಅದನ್ನು ಗುಡಿಸಿ, ಒಂದು ಡೇಟಾ ಕೇಬಲ್, ಒಂದು ಪವರ್ ಕೇಬಲ್ ಸಿಕ್ಕಿಸಿದೆ. ಹಳೆಯ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಹಾಗೆಯೇ ಹೊಸದಕ್ಕೆ ನಕಲು ಮಾಡಲು ಇಡೀ ಮಧ್ಯಾಹ್ನ ಹಿಡಿಯಿತು. ಸಂಜೆ ಆನ್ ಮಾಡಿದರೆ ಅರ್ಧ ನಿಮಿಷದೊಳಗೆ ಡೆಸ್ಕ್‌ಟಾಪ್ ಬಂತು. ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು, "ಏನೋ, ಪ್ರೊಸೆಸರ್ ಬದಲಾಯಿಸಿದ್ಯಾ?" ಅಂದರು.

ಎಷ್ಟು ಜಿಬಿ ಬೇಕು ಅಂದರೆ, 256 ಸಾಕು, 512 ಇದ್ದರೆ ಆರಾಮ. 512 ಅಂತ ಬರೆದದ್ದು ವಿಂಡೋಸ್‌ನಲ್ಲಿ 476 ಅಂತ ಕಾಣುತ್ತದೆ. ಮೋಸ ಅಂದುಕೊಳ್ಳಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಫೋಟೊ, ವಿಡಿಯೊ ರಾಶಿ ಇದ್ದರೆ ಹಳೆಯ ಹಾರ್ಡ್‌ಡಿಸ್ಕನ್ನು ಎರಡನೆಯದಾಗಿ ಒಳಗೇ ಬಿಡಿ, ಗೋಡೌನ್ ಥರ. ಎಸ್‌ಎಸ್‌ಡಿಯಲ್ಲಿ ಎನ್‌ವಿಎಂಇ, ಸಾಟಾ ಅಂತ ಎರಡು ಬಗೆ ಇವೆ. ಕಾಗದದ ಮೇಲೆ ವ್ಯತ್ಯಾಸ ದೊಡ್ಡದು, ಆದರೆ ಪತ್ರ ಟೈಪ್ ಮಾಡುವವರಿಗೆ ಅದು ಗೊತ್ತೇ ಆಗುವುದಿಲ್ಲ. ಒಂದರಿಂದ ಮಾತ್ರ ದೂರ ಇರಿ. ತೀರಾ ಅಗ್ಗದ ಕೆಲವು ಪುಟ್ಟ ಡಬ್ಬಗಳಲ್ಲಿ ಎಸ್‌ಎಸ್‌ಡಿ ಬದಲು 64 ಜಿಬಿ ಇಎಂಎಂಸಿ ಅನ್ನುವ ಚಿಪ್ ಇರುತ್ತದೆ. ಅದು ಒಳಗಿನ ಮದರ್‌ಬೋರ್ಡಿಗೇ ಬೆಸೆದದ್ದು, ಬದಲಾಯಿಸಲು ಆಗಲ್ಲ. ವಿಂಡೋಸ್ 11 ಕೇಳುವ ಕನಿಷ್ಠ ಜಾಗವೇ 64 ಜಿಬಿ. ಒಂದೆರಡು ದೊಡ್ಡ ಅಪ್‌ಡೇಟ್ ಬಂದರೆ ಕಾಲು ಚಾಚಲೂ ಜಾಗ ಇರುವುದಿಲ್ಲ.

ರ‍್ಯಾಮ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಬೇಡ. 4 ಜಿಬಿ ಸಾಕು ಅಂತ ವಿಂಡೋಸ್ 11 ಹೇಳುತ್ತದೆ, ನಂಬಬೇಡಿ. ಬಾಗಿಲು ದಾಟಿ ಒಳಗೆ ಬರಲು ಸಾಕು, ಕೂರಲು ಆಗಲ್ಲ. 8 ಕನಿಷ್ಠ. ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದಿಟ್ಟುಕೊಳ್ಳುವವರಿಗೆ 16. ಬೋರ್ಡಿನಲ್ಲಿ ಒಂದು ಸ್ಲಾಟ್ ಖಾಲಿ ಇದೆಯಾ ಅಂತ ಕೇಳಿಟ್ಟುಕೊಂಡರೆ ಇನ್ನೊಂದು 8 ಆಮೇಲೆ ಹಾಕಬಹುದು.

ಈಗ ಬನ್ನಿ ಪ್ರೊಸೆಸರ್‌ಗೆ. ಅಂದ ಹಾಗೆ, ಎಲ್ಲರೂ ಆ ದೊಡ್ಡ ಡಬ್ಬಕ್ಕೇ ಸಿಪಿಯು ಅನ್ನುತ್ತಾರೆ. ನಾನೂ ಅಂಗಡಿಯಲ್ಲಿ ಹಾಗೇ ಅಂದುಬಿಡುತ್ತೇನೆ. ನಿಜವಾದ ಸಿಪಿಯು ಒಳಗೆ ಫ್ಯಾನಿನ ಅಡಿಯಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾಗಿ ಅಡಗಿ ಕೂತಿರುತ್ತದೆ.

ಗೆಳೆಯನೊಬ್ಬ ಒಂದು ದಿನ ಖುಷಿಯಿಂದ ಫೋನ್ ಮಾಡಿದ. "ಐ7 ಸಿಕ್ತು ಮಾರಾಯ, ಐ3ರ ರೇಟಲ್ಲಿ!" ಡಬ್ಬದ ಮೇಲಿನ ಸ್ಟಿಕರ್ ಫೋಟೊ ಕಳಿಸಿದ. ಐ7 ಅನ್ನುವುದೇನೋ ನಿಜ. ಸಿಸ್ಟಮ್ ಪ್ರಾಪರ್ಟೀಸ್ ತೆರೆದು ಪೂರ್ತಿ ನಂಬರ್ ಓದು ಅಂದೆ. ಐ7-2600. ಅದು 2011ರದ್ದು. ಆ ಕಾಲಕ್ಕೆ ಅದು ದೊಡ್ಡ ಕುದುರೆಯೇ. ಆದರೆ 2022ರಲ್ಲಿ ಬಂದ ಐ3-12100 ಅದನ್ನು ಸಲೀಸಾಗಿ ಹಿಂದೆ ಹಾಕುತ್ತದೆ, ಕರೆಂಟೂ ಕಡಿಮೆ ತಿನ್ನುತ್ತದೆ.

ಹಾಗಾಗಿ ಐ ಪಕ್ಕದ ಅಂಕಿ ಬಿಡಿ, ಅದರ ಮುಂದಿನ ಗೀಟಿನ ನಂತರ ಏನಿದೆ ನೋಡಿ. ನಾಲ್ಕು ಅಂಕಿ ಇದ್ದರೆ ಸಾಮಾನ್ಯವಾಗಿ ಮೊದಲನೆಯದು ಜನರೇಶನ್, ಅಂದರೆ ಎಷ್ಟನೇ ತಲೆಮಾರಿನದ್ದು ಅಂತ. ಐ5-8500 ಅಂದರೆ 8ನೆಯದು. ಐದು ಅಂಕಿ ಇದ್ದರೆ ಮೊದಲ ಎರಡು. ಐ3-12100 ಅಂದರೆ 12ನೆಯದು. ಇತ್ತೀಚೆಗೆ ಇಂಟೆಲ್‌ನವರು ಐ ಅಕ್ಷರ ಬಿಟ್ಟು ಕೋರ್ 3, ಕೋರ್ 5 ಅಂತ ಹೊಸ ಹೆಸರು ಶುರು ಮಾಡಿ, ಕಷ್ಟಪಟ್ಟು ಕಲಿತ ಈ ಲೆಕ್ಕಕ್ಕೂ ನೀರು ಬಿಟ್ಟಿದ್ದಾರೆ. ಇನ್ನೊಂದು ಪ್ರೊಸೆಸರ್ ಕಂಪನಿ ಎಎಂಡಿಯವರ ರೈಜನ್ ನಂಬರುಗಳಂತೂ ಕೇಳಲೇಬೇಡಿ, ಅಲ್ಲಿ ನಾನೂ ಪ್ರತಿ ಸಲ ಹುಡುಕಿ ನೋಡುತ್ತೇನೆ.

ಈ ಜನರೇಶನ್ ಯಾಕೆ ಮುಖ್ಯ ಅಂದರೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಹೆಚ್ಚುಕಡಿಮೆ ಇಂಟೆಲ್ 8ನೇ ಜನರೇಶನ್ ಅಥವಾ ರೈಜನ್ 2000 ಸರಣಿಯಿಂದ ಈಚಿನದ್ದಾಗಿರಬೇಕು. 6, 7ನೇ ಜನರೇಶನ್ನಿನ ಒಳ್ಳೊಳ್ಳೆ ಯಂತ್ರಗಳು ಅಗ್ಗಕ್ಕೆ ಸಿಗುತ್ತಿರುವುದು ಇದಕ್ಕೇ. ಅವು ಕೆಟ್ಟಿಲ್ಲ, ವಿಂಡೋಸ್ 11ರ ಪಟ್ಟಿಯಿಂದ ಹೊರಗೆ ಬಿದ್ದಿವೆ. ವಿಂಡೋಸೇ ಬೇಕು ಅನ್ನುವವರು ಅವನ್ನು ಮುಟ್ಟಬೇಡಿ. ಏನೇನೋ ಕಸರತ್ತು ಮಾಡಿ ವಿಂಡೋಸ್ 11 ಹಾಕಿಕೊಡುವವರು ಇದ್ದಾರೆ. ನಾಳೆ ಅಪ್‌ಡೇಟ್ ನಿಂತರೆ ಅವರು ಬರುವುದಿಲ್ಲ. ಬ್ರೌಸರ್ ಒಂದಿದ್ದರೆ ಸಾಕು ಅನ್ನುವವರು ಮಾತ್ರ ಧೈರ್ಯವಾಗಿ ತಗೊಂಡು ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಕೊಳ್ಳಿ. ದುಡ್ಡು ಕೊಡಬೇಕಿಲ್ಲ, ನೋಡಲು ಹಳೆಯ ವಿಂಡೋಸ್ ಹಾಗೇ ಇರುತ್ತದೆ, ಪತ್ರ ಬರೆಯಲು ಲಿಬ್ರೆಆಫೀಸ್ ಜೊತೆಗೇ ಬರುತ್ತದೆ. ಗೆಳೆಯನ ಐ7 ಈಗ ಅದರಲ್ಲೇ ಓಡುತ್ತಿದೆ. ಆ ಸ್ಟಿಕರ್ ಅವನು ಇನ್ನೂ ಕಿತ್ತಿಲ್ಲ.

ಇನ್ನೊಂದು ಸಣ್ಣ ಬಲೆ ಇದೆ. ಇಂಟೆಲ್ ನಂಬರಿನ ಕೊನೆಯಲ್ಲಿ ಎಫ್ ಅಕ್ಷರ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಬೋರ್ಡಿಗೆ ಮಾನಿಟರ್ ಸಿಕ್ಕಿಸಿದರೆ ಪರದೆ ಕಪ್ಪಗೇ ಇರುತ್ತದೆ, ಬೇರೆ ಕಾರ್ಡ್ ಹಾಕಲೇಬೇಕು. ಗೇಮ್ ಆಡದವರಿಗೆ ಕಾರ್ಡಿನ ಅಗತ್ಯವೇ ಇಲ್ಲ, ಆದ್ದರಿಂದ ಎಫ್ ಇಲ್ಲದ್ದನ್ನೇ ಹುಡುಕಿ.

ಹೊಸದೋ, ಸೆಕೆಂಡ್ ಹ್ಯಾಂಡೋ? ಹೊಸದೇ ಬೇಕು, ಜಾಗ ಕಡಿಮೆ ಇದೆ ಅನ್ನುವವರಿಗೆ ಅಂಗೈ ಮೇಲೆ ಕೂರುವ ಮಿನಿ ಪಿಸಿಗಳಿವೆ. ಇಂಟೆಲ್ ಎನ್100 ಅಂತ 2023ರಲ್ಲಿ ಬಂದ ಪ್ರೊಸೆಸರ್ ಇರುವವು ಈ ಕೆಲಸಕ್ಕೆ ಸಾಕು. ನಾಲ್ಕು ಕೋರ್ ಇದ್ದರೂ ಆ ಚಿಪ್ಪಿಗೆ ಬರೆದಿರುವ ವಿದ್ಯುತ್ ಮಿತಿ ಬರೀ 6 ವ್ಯಾಟ್, ಒಂದು ಸಣ್ಣ ಎಲ್‌ಇಡಿ ಬಲ್ಬಿನಷ್ಟು.

ನನ್ನ ಓಟು ಮಾತ್ರ ಆಫೀಸಿನಿಂದ ಹೊರಬಂದ ಹಳೆಯ ಯಂತ್ರಗಳಿಗೆ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೀಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಅಂತ ಹೆಸರು ಕೇಳಿರಬಹುದು. ದೊಡ್ಡ ಕಂಪನಿಗಳು ಕೆಲವು ವರ್ಷಕ್ಕೊಮ್ಮೆ ಇವನ್ನು ನೂರಾರು ಸಂಖ್ಯೆಯಲ್ಲಿ ಒಟ್ಟಿಗೇ ತೆಗೆದುಹಾಕುತ್ತವೆ. ದಿನವಿಡೀ ಓಡಲೆಂದೇ ಮಾಡಿದ ಗಟ್ಟಿ ಡಬ್ಬಗಳು, ಅವುಗಳಲ್ಲಿ ಬಹಳಷ್ಟನ್ನು ಸ್ಕ್ರೂಡ್ರೈವರ್ ಇಲ್ಲದೆ ಬಿಚ್ಚಬಹುದು. ಕೊರತೆಯೂ ಇದೆ. ಪವರ್ ಸಪ್ಲೈ ಹೆಚ್ಚಾಗಿ ಆಯಾ ಕಂಪನಿಯದ್ದೇ ಅಳತೆ. ಕೆಟ್ಟರೆ ಸಿಕ್ಕಿದ್ದನ್ನು ತಂದು ಹಾಕಲು ಆಗಲ್ಲ. ಕೆಲವದರಲ್ಲಿ ಮಾನಿಟರ್ ಸಿಕ್ಕಿಸಲು ಎಚ್‌ಡಿಎಂಐ ಇರುವುದಿಲ್ಲ, ಡಿಸ್‌ಪ್ಲೇಪೋರ್ಟ್ ಇರುತ್ತದೆ. ವೈಫೈ ಇರುವುದು ಅಪರೂಪ.

ತಗೊಳ್ಳುವ ಮುನ್ನ ಎದುರಿಗೇ ಆನ್ ಮಾಡಿಸಿ. ಎಲ್ಲ ಯುಎಸ್‌ಬಿ ಪೋರ್ಟಿಗೂ ಒಂದೊಂದು ಸಲ ಪೆನ್‌ಡ್ರೈವ್ ಚುಚ್ಚಿ ನೋಡಿ, ನಾಚಿಕೆ ಬೇಡ. ಬಯಾಸ್, ಅಂದರೆ ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪುಟದ ಒಳಗೆ ಹೋಗಿ ನೋಡಿ. ಅಲ್ಲಿ ಪಾಸ್‌ವರ್ಡ್ ಕೇಳಿದರೆ ಹಿಂದಿನ ಆಫೀಸಿನ ಬೀಗ ಇನ್ನೂ ಬಿದ್ದಿದೆ ಅಂತ ಅರ್ಥ, ತೆಗೆಸದೆ ಹಣ ಕೊಡಬೇಡಿ. ತಾರೀಕು ಎಲ್ಲೋ ಹಿಂದೆ ಹೋಗಿದ್ದರೆ ಹೆದರಬೇಡಿ, ಸಾಮಾನ್ಯವಾಗಿ ಬೋರ್ಡಿನ ಮೇಲಿನ ಸಿಆರ್2032 ಅನ್ನುವ ನಾಣ್ಯದಂಥ ಸೆಲ್ ಸತ್ತಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಆಕ್ಟಿವೇಟ್ ಆಗಿದೆಯಾ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಪುಟ್ಟ ಉಚಿತ ತಂತ್ರಾಂಶ ಓಡಿಸಿದರೆ ಡಿಸ್ಕಿನ ಆರೋಗ್ಯ, ಅದು ಎಷ್ಟು ಗಂಟೆ ಓಡಿದೆ ಎಲ್ಲ ಹೇಳುತ್ತದೆ. ಹಾರ್ಡ್‌ಡಿಸ್ಕ್ ಇದ್ದರೆ ಓಡಿಸುವುದೂ ಬೇಡ, ಎಸ್‌ಎಸ್‌ಡಿ ಹಾಕಿಸಿ.

ಡಬ್ಬ ಅಗ್ಗಕ್ಕೆ ಸಿಕ್ಕಿದ್ದರಿಂದ ಉಳಿದ ದುಡ್ಡನ್ನು ಮಾನಿಟರ್ ಮೇಲೆ ಹಾಕಿ. ಇಲ್ಲಿ ನಾನು ಜಿಪುಣತನ ಮಾಡಲು ಬಿಡುವುದಿಲ್ಲ. ಕಂಪ್ಯೂಟರ್ ಎರಡು ಸಲ ಬದಲಾದರೂ ಒಳ್ಳೆಯ ಮಾನಿಟರ್ ಹಾಗೇ ಇರುತ್ತದೆ, ಕಣ್ಣು ಇಡೀ ದಿನ ಇರುವುದೂ ಅದರ ಮೇಲೆಯೇ. 22ರಿಂದ 24 ಇಂಚು, 1920×1080, ಐಪಿಎಸ್ ಪ್ಯಾನೆಲ್, ಇಷ್ಟು ನೋಡಿ ಸಾಕು. ಅಗ್ಗದ ಟಿಎನ್ ಪ್ಯಾನೆಲ್‌ಗಳನ್ನು ಸ್ವಲ್ಪ ಓರೆಯಿಂದ ನೋಡಿದರೆ ಬಣ್ಣ ಸುಟ್ಟ ಹಾಗಾಗುತ್ತದೆ. ಪಕ್ಕದಲ್ಲಿ ಮಗು ಕೂತು ಪಾಠ ನೋಡಬೇಕಾದರೆ ಇದು ಚೆನ್ನಾಗಿ ಗೊತ್ತಾಗುತ್ತದೆ.

ಲೆಕ್ಕದಲ್ಲಿ ಎಲ್ಲರೂ ಮರೆಯುವ ಸಾಮಾನು ಇನ್ನೂ ಇವೆ. ಲ್ಯಾಪ್‌ಟಾಪ್ ಅಭ್ಯಾಸ ಆದವರಿಗೆ ಡೆಸ್ಕ್‌ಟಾಪ್‌ನಲ್ಲಿ ಕ್ಯಾಮೆರಾ ಇಲ್ಲ, ಮೈಕ್ ಇಲ್ಲ, ಹೆಚ್ಚಿನ ಸಲ ಸ್ಪೀಕರೂ ಇಲ್ಲ ಅನ್ನುವುದು ಮೊದಲ ಆನ್‌ಲೈನ್ ಕ್ಲಾಸಿನ ದಿನವೇ ನೆನಪಾಗುವುದು. ವೆಬ್‌ಕ್ಯಾಮ್, ಹೆಡ್‌ಸೆಟ್, ವೈಫೈ ಡಾಂಗಲ್, ಇವನ್ನು ಮೊದಲೇ ಬರೆದುಕೊಳ್ಳಿ. ಕರೆಂಟ್ ಹೋದರೆ ಡೆಸ್ಕ್‌ಟಾಪ್ ಆ ಕ್ಷಣವೇ ಆರುತ್ತದೆ, ಬರೆದದ್ದನ್ನು ಉಳಿಸಿಕೊಳ್ಳುವಷ್ಟು ಹೊತ್ತು ಕೊಡುವ ಒಂದು ಚಿಕ್ಕ ಯುಪಿಎಸ್ ಇರಲಿ.

ಹಾಗಾದರೆ ಲ್ಯಾಪ್‌ಟಾಪೇ ತಗೊಳ್ಳಬಾರದಾ ಅಂತ ಈ ಹೊತ್ತಿಗೆ ಒಬ್ಬರಾದರೂ ಕೇಳುತ್ತಾರೆ. ಹೊತ್ತುಕೊಂಡು ಓಡಾಡುವವರಾದರೆ ತಗೊಳ್ಳಿ. ಒಂದೇ ಮೇಜಿನ ಮೇಲೆ ಇಡುವುದಾದರೆ ಡೆಸ್ಕ್‌ಟಾಪ್‌ನಲ್ಲಿ ಕೆಟ್ಟ ಭಾಗ ಒಂದನ್ನೇ ಬದಲಾಯಿಸಬಹುದು. ಕೀಬೋರ್ಡ್ ಮೇಲೆ ನೀರು ಚೆಲ್ಲಿದರೆ ಹೋಗುವುದು ಕೀಬೋರ್ಡ್ ಅಷ್ಟೇ.

ನೀವು ಏನು ಬಳಸ್ತೀರಿ ಅಂತಲೂ ಕೇಳುತ್ತಾರೆ. ಇದನ್ನು ಟೈಪ್ ಮಾಡುತ್ತಿರುವುದು ಯಾವುದೋ ಆಫೀಸಿನಿಂದ ಬಂದ ಐ5-8500ರ ಮೇಲೆ. 16 ಜಿಬಿ ರ‍್ಯಾಮ್, 512ರ ಎಸ್‌ಎಸ್‌ಡಿ, ಮಾನಿಟರ್ ಮಾತ್ರ ಹೊಸದು. ಡಬ್ಬದ ಪಕ್ಕದಲ್ಲಿ ಹಳೆಯ ಆಫೀಸಿನ ಬಾರ್‌ಕೋಡ್ ಸ್ಟಿಕರ್ ಇನ್ನೂ ಅರ್ಧ ಅಂಟಿಕೊಂಡಿದೆ. ಮುಂದಿನ ಎರಡು ಯುಎಸ್‌ಬಿ ಪೋರ್ಟುಗಳಲ್ಲಿ ಒಂದು ಸಡಿಲ, ಪೆನ್‌ಡ್ರೈವನ್ನು ಸ್ವಲ್ಪ ಎಡಕ್ಕೆ ಒತ್ತಿ ಹಿಡಿಯಬೇಕು. ತಗೊಳ್ಳುವಾಗ ಅದೊಂದಕ್ಕೆ ಚುಚ್ಚಿ ನೋಡಿರಲಿಲ್ಲ.