ಯಾರನ್ನೂ ತೆಗೆಯಲ್ಲ, ಆದರೂ ಕೆಲಸ ಹೋಗುತ್ತೆ

ಜರ್ಮನಿಯ ಕಾರು ಕಂಪನಿ ಫೋಕ್ಸ್‌ವ್ಯಾಗನ್ ಕೆಲಸಗಳನ್ನು ಕಡಿಮೆ ಮಾಡುತ್ತಿರುವ ಸುದ್ದಿ ಓದಿದಾಗಿನಿಂದ ಅಪ್ಪನ ವಿಆರ್‌ಎಸ್ (ಸ್ವಯಂ ನಿವೃತ್ತಿ) ದಿನಗಳೇ ನೆನಪಾಗುತ್ತಿವೆ.

ಅಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಕಂಪನಿ 1994ರಿಂದ ಇದ್ದ ಕೆಲಸದ ಭದ್ರತೆಯ ಒಪ್ಪಂದವನ್ನೇ ರದ್ದು ಮಾಡಿತು. ಸಂಬಳದಲ್ಲಿ ನೂರಕ್ಕೆ 10ರಷ್ಟು ಕಡಿಮೆ ಮಾಡಬೇಕು ಅಂತಲೂ ಕೇಳಿತು. ಡಿಸೆಂಬರ್‌ನಲ್ಲಿ ಸುಮಾರು ಒಂದು ಲಕ್ಷ ಜನ ಕೆಲವು ಗಂಟೆ ಕೆಲಸ ನಿಲ್ಲಿಸಿ ಹೊರಗೆ ಬಂದರು. 70 ಗಂಟೆಗೂ ಜಾಸ್ತಿ ಮಾತುಕತೆ ಆದ ಮೇಲೆ ರಾಜಿ ಆಯಿತು. 2030ರ ಒಳಗೆ ಜರ್ಮನಿಯಲ್ಲಿ 35,000ಕ್ಕೂ ಹೆಚ್ಚು ಕೆಲಸ ಕಡಿಮೆ ಆಗುತ್ತವೆ, ಆದರೆ ಯಾರನ್ನೂ ಬಲವಂತವಾಗಿ ಮನೆಗೆ ಕಳಿಸುವ ಹಾಗಿಲ್ಲ. ವಯಸ್ಸಾದವರಿಗೆ ಒಂದು ಒಳ್ಳೆ ದಾರಿ ಇದೆ: ಮೊದಲ ಕೆಲವು ವರ್ಷ ಪೂರ್ತಿ ಕೆಲಸ ಮಾಡಿ ಕಡಿಮೆ ಸಂಬಳ ತಗೊಳ್ಳೋದು, ಅಷ್ಟೇ ವರ್ಷ ಮನೆಯಲ್ಲಿದ್ದು ಅದೇ ಸಂಬಳ ತಗೊಳ್ಳೋದು, ಆಮೇಲೆ ಪಿಂಚಣಿ. ಯೂನಿಯನ್ ಗಟ್ಟಿಯಾಗಿ ನಿಲ್ಲದಿದ್ದರೆ ಇಷ್ಟೂ ಸಿಗುತ್ತಿರಲಿಲ್ಲ, ಅದನ್ನು ಮನಸಾರೆ ಒಪ್ಪುತ್ತೇನೆ.

ನಮ್ಮಪ್ಪನಿಗೆ ಸಿಕ್ಕಿದ್ದು ಒಂದು ಚೆಕ್ ಅಷ್ಟೇ. ಪೀಣ್ಯದಲ್ಲಿ ಗಾಡಿಗಳಿಗೆ ಗೇರ್ ಮಾಡುವ ಫ್ಯಾಕ್ಟರಿ, ಅಪ್ಪನಿಗೆ ಆಗ 51. ಸಹಿ ಹಾಕಿ ಬಂದ ಮೊದಲ ಸೋಮವಾರ ಐದಕ್ಕೇ ಎದ್ದು ಶೇವ್ ಮಾಡಿಕೊಂಡರು. ಅಮ್ಮನೂ ರೂಢಿಯ ಮೇಲೆ ಕ್ಯಾರಿಯರ್‌ಗೆ ಚಿತ್ರಾನ್ನ ತುಂಬಿಬಿಟ್ಟಿದ್ದಳು. ಇಬ್ಬರೂ ಏನೂ ಮಾತಾಡಲಿಲ್ಲ. ಹನ್ನೆರಡೂವರೆಗೆ, ಅಂದರೆ ಸರಿಯಾಗಿ ಕ್ಯಾಂಟೀನ್ ಹೊತ್ತಿಗೆ, ಅಪ್ಪ ಜಗಲಿ ಮೇಲೆ ಕೂತು ಅದೇ ಡಬ್ಬಿ ಬಿಚ್ಚಿ ಊಟ ಮಾಡಿದರು.

ದುಡ್ಡಿಗಿಂತ ಜಾಸ್ತಿ ಅವರನ್ನು ಕೊರೆದಿದ್ದು ಬೇರೆ. ಹಳೇ ಸ್ನೇಹಿತರು ಸಿಕ್ಕಾಗೆಲ್ಲ "ನನ್ನ ಮಷೀನ್ ಈಗ ಯಾರು ನೋಡ್ಕೋತಾರೆ?" ಅಂತ ಕೇಳುತ್ತಿದ್ದರು. ಯಾರೂ ಇರಲಿಲ್ಲ. ಆ ಜಾಗಕ್ಕೆ ಯಾರನ್ನೂ ತಗೊಳ್ಳಲೇ ಇಲ್ಲ. ಅಪ್ಪನ ಕೈಕೆಳಗೆ ಕೆಲಸ ಕಲಿತ ಐಟಿಐ ಹುಡುಗರೆಷ್ಟೋ, ಅಲ್ಲಿಗೆ ಅದೂ ನಿಂತಿತು.

ಅದಕ್ಕೇ ಆ ಒಪ್ಪಂದದಲ್ಲಿ ನನಗೆ ಚುಚ್ಚಿದ್ದು 35,000 ಅಲ್ಲ, ಇನ್ನೊಂದು ಚಿಕ್ಕ ಲೆಕ್ಕ. ಮೊದಲು ವರ್ಷಕ್ಕೆ 1,400 ಹುಡುಗ ಹುಡುಗಿಯರನ್ನು ತರಬೇತಿಗೆ ತಗೊಳ್ಳುತ್ತಿದ್ದರು, 2026ರಿಂದ ಬರೀ 600. ಹೋಗುವವರಿಗೆ ಮಾತಾಡೋಕೆ ಯೂನಿಯನ್ ಇದೆ, ಇನ್ನೂ ಬಂದೇ ಇಲ್ಲದ ಈ 800 ಜನರ ಪರವಾಗಿ ಯಾರು ಕೂತು ಚೌಕಾಸಿ ಮಾಡುತ್ತಾರೆ ಹೇಳಿ? ಫೋಕ್ಸ್‌ವ್ಯಾಗನ್‌ನ ಮುಖ್ಯ ಕಾರ್ಖಾನೆ ಇರುವ ವೋಲ್ಫ್ಸ್‌ಬರ್ಗ್ ಊರು 1938ರಲ್ಲಿ ಹುಟ್ಟಿದ್ದೇ ಆ ಕಾರ್ಖಾನೆಗಾಗಿ. ಅಲ್ಲಿ ಅಪ್ಪ ಮಾಡಿದ ಕೆಲಸಕ್ಕೇ ಮಕ್ಕಳೂ ಸೇರುವುದು ಮಾಮೂಲಿ.

ನಿನ್ನೆ ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. "ಆರುನೂರೇನಾ?" ಅಂದರು. ಇನ್ನೊಂದು ಸಲ ಓದು ಅಂದರು.