ಅರ್ಧ ಕಡುಬು

ಭಾನುವಾರದಿಂದ ಆ ಮಾತು ಕಿವಿಯಲ್ಲೇ ಕೂತಿದೆ. ತೀರ್ಥಹಳ್ಳಿ ಬಳಿಯ ದೊಡ್ಡಪ್ಪನ ಮನೆಯಲ್ಲಿ ಪೂಜೆ, ಹೊರಗೆ ಜಡಿಮಳೆ, ಹಲಸಿನ ಕಡುಬಿನ ಪಾತ್ರೆ ನನ್ನ ಕೈಯಲ್ಲಿ. "ಇನ್ನೊಂದು ಅರ್ಧ?" ಎಂದೆ. ಅಕ್ಕ ಎಲೆಗೆ ಎರಡೂ ಕೈ ಅಡ್ಡ ಹಿಡಿದು ಮೆಲ್ಲಗೆ ಹೇಳಿದಳು: "ಅರ್ಧ ಎಂದರೆ ನನಗೆ ಒಂದು ರಾತ್ರಿ, ಮಾರಾಯ."

ನಾನು ನಕ್ಕು ಬೆರಳ ಸಂದಿಯಲ್ಲೇ ಜಾರಿಸಿದೆ. ಬೇಡ ಎಂದವರಿಗೆ ಬಡಿಸುವುದೇ ನಮ್ಮ ಕಡೆಯ ಉಪಚಾರ. ಎಲೆಯಲ್ಲಿ ಬಿಟ್ಟರೆ ಮನೆಯವರಿಗೆ ಬೇಸರ. ಅವಳು ತಿಂದಳು.

ಅವಳಿಗೆ ಸ್ಕ್ಲೀರೋಡರ್ಮಾ ಎಂದು ತಿಳಿದು ಆರು ವರ್ಷವಾಯಿತು. ನನ್ನ ಲೆಕ್ಕದಲ್ಲಿ ಅದು ಚರ್ಮದ ಕಾಯಿಲೆ: ಬಿಗಿದ ಮುಖ, ಚಳಿಗೆ ಸುಣ್ಣದಂತೆ ಬಿಳುಚಿ ಆಮೇಲೆ ನೀಲಿಯಾಗುವ ಬೆರಳು.

ರಾತ್ರಿ ಒಂದು ಗಂಟೆಗೆ ಎದ್ದಾಗ ಅವಳು ನಡುಮನೆಯ ಗೋಡೆಗೆ ಒರಗಿ ಕೂತಿದ್ದಳು, ಮಡಿಲಲ್ಲಿ ಬಿಸಿನೀರಿನ ಫ್ಲಾಸ್ಕ್. ತೋಟದ ಪಂಪು ಕೆಟ್ಟ ಸುದ್ದಿ ಹೇಳುವ ದನಿಯಲ್ಲಿ ಹೇಳಿದಳು: ಅನ್ನನಾಳದ ಕೆಳಭಾಗದ ಸ್ನಾಯು ಸೊರಗಿದೆ, ತುತ್ತನ್ನು ತಳ್ಳುವುದಿಲ್ಲ. ಜಠರದ ಮೇಲಿನ ಬಾಯಿ ಸರಿಯಾಗಿ ಮುಚ್ಚುವುದಿಲ್ಲ, ಮಲಗಿದರೆ ಆಮ್ಲ ಗಂಟಲಿಗೆ. ಸಣ್ಣ ಕರುಳೂ ನಿಧಾನ. ಆಹಾರ ನಿಂತಲ್ಲಿ ಬ್ಯಾಕ್ಟೀರಿಯಾ ಹೆಚ್ಚಿ ಉಬ್ಬರ, ಭೇದಿ, ಆಗಾಗ ಆ್ಯಂಟಿಬಯಾಟಿಕ್. ಈ ಕಾಯಿಲೆ ಇರುವ ನೂರರಲ್ಲಿ ಸುಮಾರು 90 ಜನರಿಗೆ ಜೀರ್ಣಾಂಗಕ್ಕೂ ತಗಲುತ್ತದಂತೆ. ಆರು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

"ಕಡುಬು ಮಾತ್ರ ಚೆನ್ನಾಗಿತ್ತು" ಎಂದಳು.

ಭಾವನನ್ನು ಒಣ ಮನುಷ್ಯ ಎಂದುಕೊಂಡಿದ್ದೆ. ಮನೆಗೆ ಬಂದರೆ ಅಡಿಕೆ ಧಾರಣೆ ಬಿಟ್ಟು ಬೇರೆ ಮಾತಿಲ್ಲ. ಆದರೆ ಅಕ್ಕನ ಮಂಚದ ತಲೆಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟಿದ್ದರು, ಕೊಟ್ಟಿಗೆಯಿಂದ ಹುಡುಕಿ ತಂದು, ಯಾರಿಗೂ ಹೇಳದೆ. ದೊಡ್ಡಮ್ಮ ಒಳ್ಳೆಯವಳು, ಆದರೆ ಓಮದ ಕಷಾಯದಲ್ಲಿ ಅವಳಿಗಿರುವ ನಂಬಿಕೆ ದೇವರ ಮೇಲಿನದಕ್ಕಿಂತ ತುಸು ಹೆಚ್ಚು. "ಎಲ್ಲ ಗ್ಯಾಸು" ಎನ್ನುತ್ತಾಳೆ. ನಾನೇನು ಕಡಿಮೆ? ಅಕ್ಕನ ಹೊಟ್ಟೆಯ ಮಾತು ಅವಳೇ ಹೇಳಿದರೂ ನಂಬದೆ, ಸೌಟಿಗೆ ತುಂಬಿದ್ದನ್ನು ಪ್ರೀತಿ ಎಂದುಕೊಂಡೆ. ಅವಳಂತೂ ಲೆಕ್ಕ ಒಪ್ಪಿಸಿದ್ದಳು: ಅರ್ಧಕ್ಕೆ ಒಂದು ರಾತ್ರಿ.

ಬೆಳಿಗ್ಗೆ ಉಳಿದ ಕಡುಬಿನಿಂದ ಅಡಿಕೆಯಷ್ಟು ಮುರಿದುಕೊಂಡಳು. ಬಾಯಿ ಅಷ್ಟೇ ತೆರೆಯುತ್ತದೆ. ಒಂದು ಚೂರು, ಒಂದು ಗುಟುಕು ಬಿಸಿನೀರು, ಸ್ವಲ್ಪ ಸುಮ್ಮನೆ ಕೂರುವುದು. ನಾನು ತುಪ್ಪದ ಗಿಂಡಿ ಹಿಡಿದು ಬಂದೆ.

"ಬೇಡ" ಎಂದಳು.

ಗಿಂಡಿ ಒಳಗಿಟ್ಟು ಬಂದೆ.